ಸರಿಪಂಕ್ತಿಯ ಸೌಟು

ಮೊಂಬಾಸಾ, ಫೆಬ್ರವರಿ 30, 2197

ಬಹಳ ಹಿಂದಿನ ನನ್ನ ಹಿರಿಯರಿಗೆ, ಗದಗಿನ ನೀಲಾಂಬಿಕೆ ಹಾದಿಮನಿಯ ನಮಸ್ಕಾರ.

ಫೆಬ್ರವರಿ ಮೂವತ್ತೇ ಎಂದು ಹುಬ್ಬೇರಿಸಬೇಡಿ. ಕ್ಯಾಲೆಂಡರನ್ನೂ ನಾವು ತಿದ್ದಿದ್ದೇವೆ; ಈಗ ಫೆಬ್ರವರಿಗೂ ಮೂವತ್ತೊಂದು ದಿನ. ನನ್ನ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ.

ನಿಮ್ಮ ಕಾಲದಲ್ಲಿ ಲೋಕದ ಯಜಮಾನಿಕೆ ಕೆಲವೇ ದೇಶಗಳದ್ದು. ಉಳಿದವರು ಕಡೇ ಪಂಕ್ತಿಯಲ್ಲಿ ಕೂತು ಸಿಕ್ಕಿದ್ದನ್ನು ಉಂಡು ಎದ್ದರು. ಆಮೇಲೆ ಕಾರ್ಖಾನೆ, ಹಡಗು, ಬ್ಯಾಂಕು ಎಲ್ಲ ನಮ್ಮ ಕಡೆ ಬಂದವು. ಹಳೆಯ ಸಭೆ ಜಾಗ ಬಿಡಲಿಲ್ಲ; ನಾವು ಬೇರೆ ಸಭೆಯನ್ನೇ ಕಟ್ಟಿದೆವು. ಅದಕ್ಕೆ ಸರಿಪಂಕ್ತಿ ಎನ್ನುತ್ತೇವೆ. ತಿಂಗಳಿಗೊಂದು ದೇಶ ಅಧ್ಯಕ್ಷ ಸ್ಥಾನದಲ್ಲಿರುತ್ತದೆ. ಆ ದೇಶದ ಪ್ರತಿನಿಧಿಯೇ ಮಧ್ಯಾಹ್ನ ಸೌಟು ಹಿಡಿದು, ಅತಿ ಚಿಕ್ಕ ದೇಶದಿಂದ ಶುರುಮಾಡಿ ಎಲ್ಲರಿಗೂ ಬಡಿಸಿ, ಕೊನೆಗೆ ತಾನು ಉಣ್ಣಬೇಕು. ಬಡಿಸಿದ ಆ ಪ್ರತಿನಿಧಿಯ ಊಟವೂ ಮುಗಿಯುವವರೆಗೆ ಮತದಾನವಿಲ್ಲ. ಬಡಿಸುವವರು ನಮ್ಮವರಾದರೆ ಕಡೇ ಪಂಕ್ತಿಯಾದರೇನು ಎಂಬ ನಿಮ್ಮ ಗಾದೆಗೆ ಹೆದರಿಯೇ ಈ ಕಟ್ಟಳೆ ಮಾಡಿದ್ದು.

ಈ ತಿಂಗಳು ಸರದಿ ನಮ್ಮದು, ಸೌಟು ನನ್ನದು. ಇವತ್ತು ನಮ್ಮ ನಿಯೋಗದ ಮುಖ್ಯಸ್ಥ ವಿರೂಪಣ್ಣ ದೇಸಾಯಿ ನನ್ನನ್ನು ಬೇರೆ ಕೆಲಸಕ್ಕೆ ಅಟ್ಟಿ, ಹೋಟೆಲಿನವರ ಕೈಯಿಂದ ಬಡಿಸಿಸಿದರು. ಅವರು ದೊಡ್ಡ ದೇಶಗಳಿಂದ ಶುರು ಮಾಡಿದರು. ನಾನು ಬರುವಷ್ಟರಲ್ಲಿ, ಮುಳುಗುತ್ತಿರುವ ಪುಟ್ಟ ದ್ವೀಪವೊಂದರ ಪ್ರತಿನಿಧಿ ಲೋಸಾ ಬರೀ ಅನ್ನದ ಮುಂದೆ ಕೂತಿದ್ದಳು. ಸಾರು ಮುಗಿದಿತ್ತು. ನಾನು ದೇಸಾಯಿಯವರನ್ನು ತಡೆದು ಇದೇನೆಂದು ಕೇಳಿದೆ.

"ನೀಲವ್ವ, ದುಡದಾವ್ರು ನಾವು. ಬಡಸಾವ್ರೂ ನಾವ ಏನು?" ಎಂದರು ದೇಸಾಯಿ.

"ಅಣ್ಣಾರ, ನಮ್ಮ ಹಿರ್ಯಾರೂ ಹಿಂಗ ಬರೇ ಅನ್ನದ ಮುಂದ ಕುಂತಿದ್ರು," ಎಂದೆ.

ನಾಳೆ ದೇಸಾಯಿಯವರು ಠರಾವು ತರುತ್ತಿದ್ದಾರೆ: ದೊಡ್ಡ ದೇಶಗಳಿಗೆ ಕಾಯಂ ಸ್ಥಾನ, ಚಿಕ್ಕವರಿಗೆ ಮತವಿಲ್ಲ. ಗೆಲ್ಲುವಷ್ಟು ಬೆಂಬಲವೂ ಇದೆ. ಗೆದ್ದರೆ, ತನ್ನ ಜನಕ್ಕೆ ನೆಲ ಕೇಳಲು ಲೋಸಾಳಿಗೆ ಬಾಯಿಯೇ ಇರುವುದಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತೀರಲ್ಲ. ಸೊಸೆಯೂ ಅದೇ ಅತ್ತೆಯಾದರೆ ಬಂದ ಭಾಗ್ಯವೇನು?

ನಾಳೆ ನಮ್ಮ ಸರದಿಯ ಕೊನೆಯ ದಿನ. ಸೂರ್ಯ ಮುಳುಗುವುದರೊಳಗೆ ಮತಕ್ಕೆ ಹೋಗದ ಠರಾವು ಬಿದ್ದುಹೋಗುತ್ತದೆ. ನಾಡಿದ್ದಿನಿಂದ ಸರದಿ ಲೋಸಾಳ ದ್ವೀಪದ್ದು. ಆಗ ಮೊದಲು ಬರುವುದು ಅವಳ ಜನರ ನೆಲದ ಮಾತು. ಮತದಾನದ ದಿನ ಸೌಟನ್ನು ಬೇರೆಯವರಿಗೆ ಕೊಡುವಂತಿಲ್ಲ. ನನ್ನ ಹುದ್ದೆ ಹೋಗಬಹುದು, ಊರಿನವರು ದ್ರೋಹಿ ಎನ್ನಬಹುದು. ಹೆದರಿಕೆ ಇಲ್ಲವೆಂದರೆ ಸುಳ್ಳು. ಆದರೂ ನಿರ್ಧರಿಸಿದ್ದೇನೆ.

ನಿಮ್ಮಲ್ಲಿ ಒಂದೇ ಬೇಡಿಕೆ. ನೀವೀಗ ಪಂಕ್ತಿಯಲ್ಲಿ ಮೇಲಕ್ಕೆ ಸರಿಯುತ್ತಿದ್ದೀರಿ. ಕೊನೆಯ ಎಲೆಗೆ ಸಾರು ಬಂತೇ ಎಂದು ಒಮ್ಮೆ ತಿರುಗಿ ನೋಡಿ.

ನಾಳೆ ಲೋಸಾಳಿಂದ ಶುರುಮಾಡಿ ಎಲ್ಲರಿಗೂ ಹೊಟ್ಟೆ ತುಂಬ ಬಡಿಸುತ್ತೇನೆ. ಆಮೇಲೆ ನನ್ನ ಎಲೆಯ ಮುಂದೆ ಕೂರುತ್ತೇನೆ. ಸೂರ್ಯ ಮುಳುಗುವವರೆಗೆ ಒಂದು ತುತ್ತೂ ಮುಟ್ಟುವುದಿಲ್ಲ.