ಎಣ್ಣೆಗೆ ಯಾವ ಗಡಿ, ಮಾಮಾ?

ಪ್ರೀತಿಯ ಮಾಮಾ,

ನಿಮಗೆ ಪತ್ರ ಬರೆಯುವ ಪ್ರಸಂಗ ಎಂದೂ ಬಂದಿರಲಿಲ್ಲ. ಮೊದಲು ಒಂದೇ ದೋಣಿಯಲ್ಲಿದ್ದೆವು, ಆಮೇಲೆ ಫೋನ್ ಇತ್ತು. ಫೋನಿನಲ್ಲಿ ನಾನು ಸಮುದ್ರದ ಸುದ್ದಿ ತೆಗೆದರೆ ಸಾಕು, "ಅದು ಬಿಡಪ್ಪಾ, ಊಟ ಆಯ್ತಿಲ್ಲೋ?" ಎನ್ನುತ್ತಿದ್ದಿರಿ. ಇವತ್ತು ಬಿಡುವುದಿಲ್ಲ. ಹೊಟ್ಟೆಯಲ್ಲಿಟ್ಟುಕೊಂಡು ಇಟ್ಟುಕೊಂಡು ನನಗೇ ವಾಕರಿಕೆ ಬಂದಿದೆ.

ಕಾರಂಜಾ ಜಲಾಶಯದ ತಳ ಬಿರುಕು ಬಿಟ್ಟ ವರ್ಷ ನೀವು ಗಲ್ಫಿನಿಂದ ರಜೆಗೆ ಬಂದು ಸಾಯಗಾಂವದ ನಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದಿರಿ. ಓಣಿಯ ಅರ್ಧ ಬಾಗಿಲಿಗೆ ಬೀಗ ಬಿದ್ದಿತ್ತು. ಹೈದರಾಬಾದಿಗೆ ಹೊರಟವರ ಟೆಂಪೊದಲ್ಲಿ ನಾನೂ ಜಾಗ ಹಿಡಿದಿದ್ದೆ. "ಇವನಿಗಿ ಇಟ್ಟಂಗಿ ಹೊರ್ಲಾಕ ಕಳಸಬ್ಯಾಡ ಅಕ್ಕಾ. ಭಾಲ್ಕ್ಯಾಗ ಐಟಿಐ ಮಾಡ್ಯಾನ, ಇಂಜಿನ್ ಬಿಚ್ಚಿ ಜೋಡಸ್ತಾನ. ನನ್ನ ಜೋಡಿ ಬರ್ಲಿ" ಎಂದಿರಿ. ಔರಾದಿನ ಮಣ್ಣಲ್ಲಿ ಹುಟ್ಟಿದ ತಮ್ಮ ಸಮುದ್ರದಲ್ಲಿ ಮಾಡುವುದಾದರೂ ಏನೆಂದು ಅವ್ವನಿಗೆ ತಿಳಿದೇ ಇರಲಿಲ್ಲ. "ಹಡಗದಾಗಿಂದು ಎಣ್ಣಿ ಚೆಲ್ಲಿದ್ರ ತೆಗಿಯೂದು" ಎಂದು ನೀವು ಹೇಳಿದಾಗ ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಎಣ್ಣಿ ಚೆಲ್ಲಿದ್ರ ಅರಿವಿಲೆ ಒರಸ್ತಾರ, ಅದಕ್ಕ ದೋಣಿ ಯಾಕ ಬೇಕು?"

ಅಲ್ಲಿಗೆ ಹೋದ ಮೇಲೆ ನಾನು ನೋಡಿದ ಮೊದಲ ಜಂಟಿ ಕವಾಯತು ನೆನಪಿದೆಯೇ? ನಮ್ಮ ಬಂದರಿನ ದೇಶಕ್ಕೂ ಪಕ್ಕದ ದೇಶಕ್ಕೂ ಒಪ್ಪಂದ. ಎಣ್ಣೆ ಹರಡದಂತೆ ನೀರಿನ ಮೇಲೆ ತೇಲಿಬಿಡುವ ಉದ್ದನೆಯ ತಡೆ, ನಾವು ಬೂಮು ಎನ್ನುತ್ತಿದ್ದೆವಲ್ಲ, ಅದರಲ್ಲಿ ಅರ್ಧ ನಮ್ಮ ಬಳಿ, ಅರ್ಧ ಅವರ ಬಳಿ. ಯಾರ ನೀರಲ್ಲಿ ಎಣ್ಣೆ ಚೆಲ್ಲಿದರೂ ಎರಡನ್ನೂ ಕೂಡಿಸಿ ಕಟ್ಟುವುದು. ಕೇಳಲು ಎಷ್ಟು ಚೆಂದ! ಆ ದಿನ ಎಣ್ಣೆಯ ಬದಲಿಗೆ ಸಮುದ್ರಕ್ಕೆ ಸುರಿದದ್ದು ಮೂಟೆಗಟ್ಟಲೆ ಅರಳು, ಪಂಚಮಿಗೆ ಅವ್ವ ಹುರಿಯುವಂಥದೇ. ದೊಡ್ಡ ಸಾಹೇಬರು ನೆರಳಲ್ಲಿ ಕೂತು ಚಪ್ಪಾಳೆ ತಟ್ಟಿದರು. ನೀವು ದೋಣಿಯ ಕಟಕಟೆಯಾಚೆ ಉಗುಳಿದಿರಿ. "ಈ ವರ್ಷ ನಮ್ಮ ಊರಾಗ ಪಂಚಮಿಗಿ ಅರಳಿಲ್ಲ. ಇಲ್ಲಿ ನೀರಿಗಿ ಉಣಸ್ಲಾಕತ್ಯಾರ, ಥೂ." ಕೊನೆಗೆ ನಮ್ಮ ಸಾಹೇಬರನ್ನು ಒಂದೇ ಒಂದು ಮಾತು ಕೇಳಿದಿರಿ: ಖರೇ ಎಣ್ಣೆ ಬಂದ ದಿನ ಗಡಿ ದಾಟಲು ಅಪ್ಪಣೆ ಯಾರು ಕೊಡುತ್ತಾರೆ? ಅದನ್ನೆಲ್ಲ ಮೇಲಿನವರು ನೋಡಿಕೊಳ್ಳುತ್ತಾರೆ ಎಂದು ಅವರು ಊಟಕ್ಕೆ ಎದ್ದರು.

ಮೇಲಿನವರು ನೋಡಿಕೊಂಡ ಬಗೆ...

ಆ ಬೆಳಿಗ್ಗೆ ನಾವಿನ್ನೂ ಚಹಾ ಕುಡಿಯುತ್ತಿದ್ದೆವು. ನಡುಸಮುದ್ರದ ಎಣ್ಣೆಬಾವಿಯ ಕೊಳವೆ ಒಡೆದಿದೆ ಎಂದು ವೈರ್‌ಲೆಸ್ಸಿನಲ್ಲಿ ಬಂತು. ಹೊರಟೆವು. ವಾಸನೆ ಮೊದಲು ಬಂತು, ಎಣ್ಣೆ ಆಮೇಲೆ ಕಂಡಿತು. ಅಲೆಗಳು ಏಳುವುದನ್ನೇ ಮರೆತಂತೆ ದಪ್ಪಗೆ, ಕಪ್ಪಗೆ ಹೊರಳುತ್ತಿದ್ದವು. ಗಾಳಿ ಅದನ್ನು ದಡದ ಕಡೆಗೆ ತಳ್ಳುತ್ತಿತ್ತು. ದಡದಲ್ಲಿ ಇದ್ದದ್ದು ಸಮುದ್ರದ ನೀರನ್ನು ಸಿಹಿ ಮಾಡುವ ಕಾರ್ಖಾನೆ. ಇಡೀ ಊರು, ನಮ್ಮ ಕೂಲಿ ಕ್ಯಾಂಪಿನ ಸಾವಿರಾರು ಜನ, ಎಲ್ಲರೂ ಕುಡಿಯುತ್ತಿದ್ದದ್ದು ಅದೇ ನೀರು. ಅದು ನೀರೆಳೆದುಕೊಳ್ಳುವ ಬಾಯಿಗೆ ಎಣ್ಣೆ ಹೊಕ್ಕರೆ ಮುಗಿಯಿತು. ನಮ್ಮ ಬೂಮು ಆ ಬಾಯಿಯ ಅರ್ಧಕ್ಕಷ್ಟೇ ಸಾಲುವಂತಿತ್ತು.

ಉಳಿದ ಅರ್ಧ ಹೊತ್ತ ಪಕ್ಕದ ದೇಶದ ದೋಣಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ನಿಂತಿತ್ತು. ಗಡಿಯ ಆಚೆ. ನೀರಿನ ಮೇಲೆ ಯಾವ ಗಡಿ ಮಾಮಾ? ನಕ್ಷೆಯಲ್ಲಿ ಮಾತ್ರ ಇತ್ತು ಅದು. ಕರೆದವರೇ ಖರ್ಚು ಹೊರಬೇಕೆಂದು ಒಪ್ಪಂದದಲ್ಲಿತ್ತಂತೆ, ಅದಕ್ಕೆ ನಮ್ಮವರು ಕರೆಯಲಿಲ್ಲ. ಕರೆಯದೆ ಹೋಗುವಂತಿಲ್ಲ ಎಂದು ಅವರು ಕಳಿಸಲಿಲ್ಲ. ನೀವು ಕೇಳಿದಾಗಲೆಲ್ಲ ವೈರ್‌ಲೆಸ್ಸಿನಲ್ಲಿ ಸಾಹೇಬರದು ಒಂದೇ ಮಾತು: ಕಾಯಿರಿ.

ಆಗ ನೀವು ವೈರ್‌ಲೆಸ್ಸಿನಲ್ಲೇ ಆ ದೋಣಿಯ ಚಾಲಕನನ್ನು ಕೂಗಿದಿರಿ. ಹೈದರಾಬಾದಿನ ಯೂಸುಫ್ ಭಾಯಿ. ಕವಾಯತಿನಲ್ಲಿ ನಿಮ್ಮ ಜೊತೆ ಬೀಡಿ ಹಂಚಿಕೊಂಡಿದ್ದ ಮನುಷ್ಯ.

"ಆರ್ಡರ್ ನೈ ಆಯಾ ಭಾಯ್, ಕ್ಯಾ ಕರೂಂ?" ಎಂದ. ಅಪ್ಪಣೆ ಬಂದಿಲ್ಲ, ಏನು ಮಾಡಲಿ ಎನ್ನುವ ಅವನ ದನಿ ಅಳುವಂತಿತ್ತು.

"ತೇಲ್ ಕು ಆರ್ಡರ್ ಕೌನ್ ದಿಯಾ ರೇ?" ಎಂದಿರಿ ನೀವು. ಎಣ್ಣೆಗೆ ಅಪ್ಪಣೆ ಕೊಟ್ಟವರು ಯಾರು?

ನೀವು ವೈರ್‌ಲೆಸ್ ಕೆಳಗಿಟ್ಟು ಚುಕ್ಕಾಣಿ ತಿರುಗಿಸಿದಿರಿ. "ಇಂಜಿನ್ ಪೂರಾ ಬಿಡೋ ಸಂಜು." ಗಡಿ ದಾಟಿ ಅವನ ದೋಣಿಯ ಪಕ್ಕಕ್ಕೆ ಹೋದೆವು. ಅವನೇ ಹಗ್ಗದ ತುದಿ ಎಸೆದ, ನೀವೇ ಹಿಡಿದಿರಿ. ಅವನ ಬೂಮನ್ನು ಎಳೆದು ತಂದು ನಮ್ಮದಕ್ಕೆ ಕೂಡಿಸಿ ಕಟ್ಟುವಷ್ಟರಲ್ಲಿ ನನ್ನ ಅಂಗೈ ಸುಲಿದಿತ್ತು. ಎಣ್ಣೆ ಬಂದು ಬೂಮಿಗೆ ಒರಗಿ ನಿಂತಿತು. ಅದರ ಹಿಂದೆ ನೀರು ನೀರಾಗಿಯೇ ಉಳಿಯಿತು. ನೀವು ಆ ನೀರನ್ನು ಬೊಗಸೆಯಲ್ಲೆತ್ತಿ ಮೂಸಿ ನೋಡಿದ್ದು, ನನ್ನ ತಲೆ ಮೇಲೆ ಒದ್ದೆ ಕೈ ಇಟ್ಟದ್ದು...

ತಡೆಗೆ ಸಿಗದೆ ತಪ್ಪಿಸಿಕೊಂಡ ಎಣ್ಣೆ ಬೇರೆ ದಡ ಸೇರಿತು. ಅದನ್ನು ಬಾಚಿದವರು ನಮ್ಮಂಥವರೇ, ಕೈಗವಸು ಕೂಡ ಇಲ್ಲದ ಬರಿಗೈಯಲ್ಲಿ. ಅದೇ ವಾರ ಬಂದರಿನಲ್ಲಿ ಸಮಾರಂಭವಾಯಿತು. ಎರಡೂ ದೇಶಗಳ ಸಹಕಾರ ಜಗತ್ತಿಗೇ ಮಾದರಿ ಎಂದರು, ಫಲಕ ಕೊಟ್ಟರು, ತೆಗೆದುಕೊಂಡರು. ಕಾಯಿರಿ ಎಂದಿದ್ದ ಸಾಹೇಬರ ಕೊರಳಲ್ಲಿ ಹಾರ. ಯೂಸುಫ್ ಭಾಯಿಯನ್ನು ದೂರದ ಯಾವುದೋ ಬಂದರಿಗೆ ಎತ್ತಿಹಾಕಿದರು. ನಿಮ್ಮ ಕೈಗೆ ಪಾಸ್‌ಪೋರ್ಟ್ ಕೊಟ್ಟು, ಅಪ್ಪಣೆಯಿಲ್ಲದೆ ಗಡಿ ದಾಟಿದವನಿಗೆ ಕೆಲಸವಿಲ್ಲ ಎಂದರು. ಅದಕ್ಕಿಂತ ಹೇಸಿಗೆಯದನ್ನು ನಾನು ಇದುವರೆಗೆ ಕಂಡಿಲ್ಲ. ಕಪ್ಪು ಎಣ್ಣೆಯನ್ನಾದರೂ ಸೀಮೆಎಣ್ಣೆ ಹಚ್ಚಿ ತೊಳೆದುಕೊಳ್ಳಬಹುದು.

ವಿಮಾನ ನಿಲ್ದಾಣದಲ್ಲಿ ನನ್ನಿಂದ ಆಣೆ ಹಾಕಿಸಿಕೊಂಡಿರಿ. "ಯಾರ ಮುಂದೂ ಬಾಯಿ ಬಿಡಬ್ಯಾಡ. ಸುದ್ದಿ ತಿರುಗಿ ಇಲ್ಲಿಗಿ ಬಂದ್ರ ನಿನಗೂ ತೆಗಿತಾರ. ಅಕ್ಕನ ಮನಿ ನಿನ್ನ ಮ್ಯಾಲ ನಿಂತದ." ಬೀದರಿಗೆ ಮರಳಿ ನೀರಿನ ಟ್ಯಾಂಕರ್ ಓಡಿಸಿದಿರಿ. ಮತ್ತೆ ಬರ ಬಿದ್ದು ಊರೂರು ಖಾಲಿಯಾದ ಆ ವರ್ಷಗಳಲ್ಲಿ ಮೈಲೂರು ಬಡಾವಣೆಯ ಓಣಿಗಳಿಗೆ ಕೊಡ ತುಂಬಿಸಿದವರು ನೀವೇ. ಆ ನೀರು ಹಿಡಿಯುತ್ತಲೇ ಜನ ಮಾತಾಡಿದರು: ಗಲ್ಫಿನಲ್ಲಿ ಡೀಸೆಲ್ ಕದ್ದು ಸಿಕ್ಕಿಬಿದ್ದನಂತೆ, ಹೊರಹಾಕಿದರಂತೆ. ನಿಮ್ಮ ಕಿವಿಗೂ ಬಿದ್ದಿತ್ತು, ಅಲ್ಲವೇ? ಒಮ್ಮೆಯಾದರೂ ತಿರುಗಿ ಬೈಯಬಾರದಿತ್ತೇ? ನಿಮ್ಮ ಎದೆಬಡಿತ ನಿಂತ ದಿನ ನಾನು ಸಮುದ್ರದ ಮೇಲಿದ್ದೆ. ಮಣ್ಣು ಕೊಡಲೂ ಬರಲಾಗಲಿಲ್ಲ.

ಈ ವರ್ಷ ಆ ಒಪ್ಪಂದವನ್ನು ಹೊಸದಾಗಿ ಬರೆದರು. ಒಳ್ಳೆಯ ಕಾಗದ, ದೊಡ್ಡ ಮಾತು. ಅಪ್ಪಣೆಯ ಸಾಲು ಮಾತ್ರ ಇದ್ದ ಹಾಗೇ ಇದೆ. ನಿಮ್ಮ ದೋಣಿಯ ಚುಕ್ಕಾಣಿ ಈಗ ನನ್ನ ಕೈಯಲ್ಲಿದೆ, ಅವ್ವನೂ ಈಗಿಲ್ಲ. ಇನ್ನೊಮ್ಮೆ ಎಣ್ಣೆ ಬಂದರೆ ನಾನು ಯಾರನ್ನೂ ಕೇಳುವುದಿಲ್ಲ ಮಾಮಾ.

ಈಗ ನಿಮಗೆ ತಿಳಿಯದ ಸುದ್ದಿ. ನಾನು ರಜೆಗೆ ಬಂದು ನಿಮ್ಮ ಮನೆಯಲ್ಲಿ ಅತ್ತಿಯ ಜೊತೆಗಿದ್ದಾಗ, ನೀವು ಹೋದದ್ದು ತಿಳಿಯದೆ ಯೂಸುಫ್ ಭಾಯಿ ನಿಮ್ಮನ್ನು ಹುಡುಕಿಕೊಂಡು ಬೀದರಿಗೆ ಬಂದ. ಎದುರಿನ ಕಿರಾಣಿ ಅಂಗಡಿಯಲ್ಲಿ ನಿಮ್ಮ ಹೆಸರು ಹೇಳಿ ಮನೆ ಕೇಳಿದ. "ಆ ಡೀಸೆಲ್ ಕಳ್ಳಂದೇನು?" ಎಂದು ಅಂಗಡಿಯವನು ಬೆರಳು ತೋರಿಸಿದ. ಗದ್ದಲ ಕೇಳಿ ನಾನು ಹೊರಗೆ ಓಡಿದೆ. ಬಿಳಿ ಗಡ್ಡದ ಆ ಮನುಷ್ಯ ನಡುಓಣಿಯಲ್ಲಿ ನಿಂತು ನಮ್ಮೂರಿನ ದಖನಿ ಉರ್ದುವಿನಲ್ಲೇ ಎಲ್ಲ ಹೇಳುತ್ತಿದ್ದ: ಎಣ್ಣೆ, ಗಡಿ, ಹಗ್ಗ, ನೀವು ಉಳಿಸಿದ ನೀರು. ಕೊಡ ಹಿಡಿದ ಹೆಂಗಸರು ನಿಂತುಬಿಟ್ಟರು. ಅಂಗಡಿಯವನು ಒಳಗೆ ಹೋಗಿ ಏನನ್ನೋ ಹುಡುಕತೊಡಗಿದ.

ಅತ್ತಿ ಅವನಿಗೆ ಚಹಾ ಕೊಟ್ಟಳು. "ಇಷ್ಟು ವರ್ಷ ಇದು ನಿಮಗಿ ಗೊತ್ತೇ ಇರ್ಲಿಲ್ಲೇನ್ರಿ ಅತ್ತಿ? ಜನರ ಮಾತು ನೀವೂ ನಂಬಿದ್ರೇನ್ರಿ?" ಎಂದು ನಾನು ಕೇಳಿದೆ.

"ಹುಚ್ಚ ಇದ್ದಿ ನೋಡು" ಎಂದಳು ಕಣ್ಣೊರಸಿಕೊಂಡು. "ಕಳ್ಳರಿಗಿ ನಿದ್ದಿ ಹತ್ತತದೇನು? ನಿಮ್ಮ ಮಾಮಾ ದಿಂಬಿಗಿ ತಲಿ ಹಚ್ಚಿದ್ರಂದ್ರ ಗೊರಕಿ. ಬಾಜೂ ಮನಿಯವ್ರು ಬೈತಿದ್ರು."

ನಿಮ್ಮ ಅಳಿಯ,
ಸಂಜು