ಶಾಲು ಹೊದಿಸಿ ಕೂರಿಸಿದ ಪ್ರಶ್ನೆ

ಪರಿಸರ ಸಾರ್ವಜನಿಕ ಆಲಿಕೆ ಸಭೆಯ ಅಧ್ಯಕ್ಷರೇ,

ಒಂದು ಮಾತನ್ನು ಬರೆಯದೆ ಬಿಡಬೇಕೆಂದಿದ್ದೆ: ಅಂದು ನೀವು ನಮ್ಮನ್ನು ಬಹಳ ಚೆನ್ನಾಗಿ ನೋಡಿಕೊಂಡಿರಿ. ಬರೆದರೆ ನನ್ನ ದೂರಿನ ಬಲ ಕುಗ್ಗುತ್ತದೆ ಎಂಬ ಅಳುಕಿತ್ತು. ಈಗ ಅನಿಸುತ್ತದೆ, ನನ್ನ ದೂರೇ ಅದು. ಬ್ಯಾಡಗಿ ತಾಲೂಕಿನ ನಮ್ಮ ಹಳ್ಳದ ಮೇಲ್ಭಾಗದಲ್ಲಿ ಬರಲಿರುವ ಕಾರ್ಖಾನೆಯ ಬಗ್ಗೆ ಜನರ ಅಭಿಪ್ರಾಯ ಆಲಿಸಲು ಕರೆದ ಸಭೆಯಲ್ಲಿ ಪೆಂಡಾಲಿನ ನೆರಳಿತ್ತು, ತಣ್ಣೀರಿತ್ತು, ಉಪ್ಪಿಟ್ಟು ಶಿರಾ ಇತ್ತು, ಸನ್ಮಾನವಿತ್ತು. ಆಲಿಸುವುದೊಂದು ಇರಲಿಲ್ಲ.

ನನ್ನ ಚಿಗವ್ವ ಗದಿಗೆವ್ವ ಆ ಹಳ್ಳದ ಪಕ್ಕದ ಹೊಲದಲ್ಲಿ ಮೆಣಸಿನಕಾಯಿ ಬೆಳೆಯುತ್ತಾಳೆ. ಅವಳ ಓಣಿಯವರೆಲ್ಲ ಕುಡಿಯುವುದು ಆ ಹೊಲದ ಬಾವಿಯ ನೀರನ್ನೇ. ನಾನು ಹಾವೇರಿಯವಳು, ಇಂಗ್ಲಿಷ್ ಶಾಲೆಯಲ್ಲಿ ಕಲಿತವಳು. ಕಂಪನಿಯ ದಪ್ಪ ವರದಿಯನ್ನು ಓದಿ, ಕಾರ್ಖಾನೆಯ ನೀರು ಹಳ್ಳಕ್ಕೆ ಸೇರುತ್ತದೆ ಎಂದು ಅವಳಿಗೆ ಹೇಳಿದ್ದು ನಾನೇ. ಸಭೆಗೆ ಹೋಗುವ ಟಂಟಂನಲ್ಲಿ ಅವಳು ಒಂದೇ ಪ್ರಶ್ನೆಯನ್ನು ಬಾಯಿಪಾಠ ಮಾಡುತ್ತಿದ್ದಳು: “ಸಾಹೇಬ್ರ, ನಿಮ್ಮ ನೀರು ನಮ್ಮ ಬಾವಿಗೆ ಇಳದ್ರ, ನಾವು ಯಾರ ಬಾಗಲಾ ಬಡೀಬೇಕ್ರಿ?”

“ಸ್ವಲ್ಪ ಮೆತ್ತಗ ಕೇಳು ಚಿಗವ್ವ” ಎಂದೆ.

“ಮೆತ್ತಗ ಮಾತಾಡಾಕ ನನ್ನೇನ ಕನ್ಯಾ ನೋಡಾಕ ಬಂದಾರೇನ?”

ಟಂಟಂ ತುಂಬ ನಗು.

ಅವಳು ಮೈಕಿನ ಹತ್ತಿರ ಬಂದಾಗ ನೀವೇ ಎದ್ದು ಬಂದಿರಿ. “ಈ ಭಾಗದ ಹಿರಿಯ ರೈತ ಮಹಿಳೆ” ಎಂದು ಶಾಲು ಹೊದಿಸಿ, ಮಾಲೆ ಹಾಕಿ, ಕೈಮುಗಿದಿರಿ. ನಾನು ಫೋಟೊ ತೆಗೆದೆ. ಅದರಲ್ಲಿ ಚಿಗವ್ವ ಎಷ್ಟು ಚೆಂದ ಕಾಣುತ್ತಾಳೆಂದರೆ, ಈಗ ನೋಡಲಾಗುವುದಿಲ್ಲ. “ಎಲ್ಲಾರ್ಗೂ ಶರಣರಿ” ಎಂದಷ್ಟೇ ಹೇಳಿ ಅವಳು ಬಂದು ಕೂತಳು.

ಯಾಕೆ ಕೇಳಲಿಲ್ಲ ಎಂದರೆ, “ಶಾಲು ಹೊಚ್ಚಿದ ಮನಷ್ಯಾಗ ನಿಂತ ಕಾಲ ಮ್ಯಾಲೆ ಹೆಂಗ ಜಬರಿಸೂದ? ಆದ್ರ ಅವರಿಗೆ ತಿಳದೈತಿ ಬಿಡು. ತಿಳೀದನ ಇಷ್ಟು ಮರ್ಯಾದಿ ಕೊಡ್ತಾರೇನ?” ಎಂದಳು.

ಗೌರವಿಸಿದವರು ತಾನು ಹೇಳದೆಯೇ ತನ್ನ ಮಾತು ಅರಿತುಕೊಂಡಿದ್ದಾರೆ ಎಂದು ಅವಳು ನಂಬಿದಳು. ಸನ್ಮಾನ ಮಾಡಿದವರಿಗೆ ಎದುರಾಡುವುದು ನಮ್ಮ ಕಡೆ ಇಲ್ಲವೆಂದು ನಿಮಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಹೊದಿಸಿದಿರಾ? ಗೊತ್ತಿರಲಿಲ್ಲ ಎಂದು ನಂಬಲು ನಾನು ಬಹಳ ಪ್ರಯತ್ನಿಸಿದ್ದೇನೆ. ನನಗೆ ಯಾರೂ ಶಾಲು ಹೊದಿಸಿರಲಿಲ್ಲ. ನಾನಾದರೂ ಎದ್ದು ಕೇಳಬಹುದಿತ್ತಲ್ಲ ಎಂದೂ ಅನಿಸುತ್ತದೆ. ಅವಳ ಪ್ರಶ್ನೆಯನ್ನು ಅವಳೇ ಕೇಳಲಿ ಎಂದು ಕಾದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಸಭೆಯ ನಡಾವಳಿಯಲ್ಲಿ ಮಾತ್ರ ಹೀಗಿದೆ: “ಸ್ಥಳೀಯ ಹಿರಿಯ ಮಹಿಳೆಯರು ಯೋಜನೆಗೆ ಶುಭ ಹಾರೈಸಿದರು.” ಎಷ್ಟು ಅಚ್ಚುಕಟ್ಟಾದ ಕನ್ನಡ, ಮಾನ್ಯರೇ!

ಕಳೆದ ವಾರ ಹಳ್ಳದ ಮೇಲ್ಭಾಗಕ್ಕೆ ಜೆಸಿಬಿ ಬಂತು. ನಡಾವಳಿಯ ಆ ಸಾಲನ್ನು ಅವಳಿಂದ ಇನ್ನು ಮುಚ್ಚಿಡುವಂತಿರಲಿಲ್ಲ, ಹೋಗಿ ಹೇಳಿದೆ. ಚಿಗವ್ವ ಕಣದಲ್ಲಿ ಕಾಯಿ ಆರಿಸುತ್ತಿದ್ದಳು. ಕೈ ನಿಂತಿತು.

“ಅಂದ್ರ ನಾ ಹೂಂ ಅಂದಂಗ ಬರಕೊಂಡಾರ?”

“ಹೌದು ಚಿಗವ್ವ.”

ಅವಳು ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಮನೆಗೆ ಹೋಗಿ ಟ್ರಂಕಿನಿಂದ ಶಾಲು ತಂದು ನನ್ನ ತೊಡೆಯ ಮೇಲಿಟ್ಟಳು. ಅಂದು ಮನೆಗೆ ಬಂದು ಮಡಿಚಿಟ್ಟ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಮೊಮ್ಮಗಳ ಮದುವೆಗೆ ಹೊದೆಯುತ್ತೇನೆ ಎನ್ನುತ್ತಿದ್ದಳು.

“ಅವರದು ಅವರಿಗೆ ಮುಟ್ಟಸು ಪುಷ್ಪಾ. ಇನ್ನ ನಾ ಕೇಳಬಹುದಲ್ಲ?”

ಆದ್ದರಿಂದ ಶಾಲನ್ನು ಹಿಂತಿರುಗಿಸುತ್ತಿದ್ದೇನೆ. ಆ ನಡಾವಳಿಯನ್ನು ರದ್ದುಮಾಡಿ. ಆಲಿಕೆ ಸಭೆಯನ್ನು ಮತ್ತೆ ಕರೆಯಿರಿ, ಈ ಬಾರಿ ಆ ಬಾವಿಯ ಪಕ್ಕದಲ್ಲಿ. ಚಿಗವ್ವನ ಪ್ರಶ್ನೆಯನ್ನು ಅವಳ ಮಾತಿನಲ್ಲೇ ಬರೆದುಕೊಂಡು, ಅವಳು ಮನೆಗೆ ಹೋಗುವ ಮೊದಲು ಅವಳಿಗೇ ಓದಿ ಹೇಳಿ. ಅಲ್ಲಿಯವರೆಗೆ ಅಗೆಯುವುದನ್ನು ನಿಲ್ಲಿಸಿ. ನಮಗೆ ಉಪ್ಪಿಟ್ಟು ಬೇಡ. ದಯವಿಟ್ಟು ಯಾರಿಗೂ ಸನ್ಮಾನ ಬೇಡ.

ಇಂತಿ,
ಅಂದು ಫೋಟೊ ತೆಗೆಯುತ್ತಾ ಕೂತವಳು,
ಪುಷ್ಪಲತಾ, ಹಾವೇರಿ

ಪತ್ರವನ್ನೂ ಶಾಲನ್ನೂ ಅಂಚೆಗೆ ಹಾಕುವುದು: ಶಿವರಾತ್ರಿಯ ಮರುದಿನ, ಸೋಮವಾರ, 16 ಫೆಬ್ರುವರಿ 2026