ಸಾಯುವವರಿಗೆ ಎರಡು ಕೋಟು

ಪ್ರೀತಿಯ ಜುಮ್ರಾ,

ಮೊನ್ನೆ ಊಟವಾದ ಮೇಲೆ ಸ್ವಲ್ಪ ಅಡ್ಡಾಗಿದ್ದೆ, ಕೆಟ್ಟ ಕನಸು ಬಿತ್ತು. ಜೆನಿತ್ಸಾಕ್ಕೆ ಬಂದು ನಿನ್ನ ಮನೆಯ ಗಂಟೆ ಒತ್ತಿದ್ದೇನೆ. ಗುರುತಿಲ್ಲದ ಹೆಂಗಸೊಬ್ಬಳು ಬಾಗಿಲು ತೆರೆದು, "ಅವರು ಯುದ್ಧದಲ್ಲೇ ತೀರಿಕೊಂಡ್ರಲ್ಲ, ಸಿನಿಮಾ ನೋಡ್ಲಿಲ್ವಾ?" ಎನ್ನುತ್ತಾಳೆ. ನಿನ್ನ ಚಪ್ಪಲಿ ಬಾಗಿಲಲ್ಲೇ ಇದೆ, ಒಳಗಿಂದ ನೀನು ಸೊಪ್ಪು ತುಂಬಿ ಬೇಯಿಸುವ ಪಿತಾ ರೊಟ್ಟಿಯ ವಾಸನೆ ಬರುತ್ತಿದೆ. ಅದನ್ನೇ ಹೇಳಿ ಜಗಳಕ್ಕೆ ನಿಂತಾಗ ಎಚ್ಚರವಾಯಿತು. ಅಂದಿನಿಂದ ಹೊಲಿಗೆ ಯಂತ್ರದ ಮುಂದೆ ಕೂತರೆ ಕೈ ಓಡುತ್ತಿಲ್ಲ. ನಾಲ್ಕನೇ ತರಗತಿ ಮುಗಿಯುವ ಮುಂಚೆ ಶಾಲೆಗೆ ಬೆಂಕಿ ಬಿದ್ದವಳ ಪತ್ರ ಇದು. ಹಿಂದುಮುಂದಾಗಿದ್ದರೆ ಸರಿಮಾಡಿಕೊಂಡು ಓದು.

ಚಳಿಗಾಲದಲ್ಲಿ ನಮ್ಮೂರಿಗೆ ಸಿನಿಮಾದವರು ಬಂದಿದ್ದರು. ನಾವು ಪಾರ್ಟಿಸಾನ್ ಹೋರಾಟಗಾರರು ಜರ್ಮನ್ನರ ಗುಂಡಿನ ನಡುವೆ ಸನಾ ನದಿ ದಾಟಿದೆವಲ್ಲ, ಅದೇ ಕಥೆ. ಹಣ ಇಲ್ಲದ ಸಿನಿಮಾ ಕಣೇ. ಸಹಕಾರ ಸಂಘದ ಟ್ರ್ಯಾಕ್ಟರಿಗೆ ಹಲಗೆ ಬಡಿದು ಬೂದು ಬಣ್ಣ ಹಚ್ಚಿದರು, ಅದೇ ಟ್ಯಾಂಕು. ರಕ್ತಕ್ಕೆ ಬೀಟ್‌ರೂಟ್ ರಸ. ಊರ ಗಂಡಸರು ಬೆಳಿಗ್ಗೆ ಜರ್ಮನ್ನರಾಗಿ ಸಾಯುವುದು, ಊಟ ಮಾಡಿ ಟೋಪಿ ಬದಲಿಸಿ ಪಾರ್ಟಿಸಾನರಾಗಿ ಗೆಲ್ಲುವುದು. ನಮ್ಮ ದಳದ ಒಸ್ತೊಯ ನೆನಪಿದ್ದಾನಲ್ಲ, ಆ ಉದ್ದನೆಯವನು? ಜರ್ಮನ್ ಬಟ್ಟೆಯನ್ನು ಸತ್ತರೂ ಹಾಕುವುದಿಲ್ಲ ಎಂದು ಎರಡು ದಿನ ಹಟ ಹಿಡಿದ. ಅವನ ಅಳತೆಗೆ ಬೇರೆ ಬಟ್ಟೆಯೇ ಇರಲಿಲ್ಲ. ಕೊನೆಗೆ, ಬೇಗ ಸಾಯಿಸುವುದಾದರೆ ಹಾಕುತ್ತೇನೆ ಎಂದು ಒಪ್ಪಿಕೊಂಡ. ಅವನ ಹೆಂಡತಿ ಸಾವ್ಕಾ ಬೇಲಿಯ ಆಚೆ ನಿಂತು, "ಮನೇಲಿ ಒಂದು ಬಕೆಟ್ ನೀರು ಎತ್ತು ಅಂದ್ರೆ ಸೊಂಟ ಹಿಡ್ಕೊಳ್ತೀಯ, ಇಲ್ಲಿ ದಿನಕ್ಕೆ ಮೂರು ಸಲ ಬೀಳೋಕಾಗುತ್ತಲ್ಲ" ಎಂದು ದಿನವೂ ಮಂಗಳಾರತಿ ಎತ್ತುತ್ತಿದ್ದಳು.

ಬಟ್ಟೆಯ ಕೆಲಸ ನನಗೆ ಬಂತು. ಅವರಲ್ಲಿ ಒಂದು ಪದ್ಧತಿ ಇದೆ. ಬದುಕಿ ಉಳಿಯುವ ಪಾತ್ರಕ್ಕೆ ಒಂದೇ ಕೋಟು, ಸಾಯುವ ಪಾತ್ರಕ್ಕೆ ಎರಡು. ಗುಂಡು ಬಿದ್ದ ತೂತು, ಕಲೆ ಎಲ್ಲ ಎರಡನೆಯದಕ್ಕೆ. ಬೀಟ್‌ರೂಟ್ ಕಲೆ ತೊಳೆದರೆ ಹೋಗುತ್ತದೆಯೇ? ದೃಶ್ಯಗಳನ್ನು ಕಥೆಯ ಕ್ರಮದಲ್ಲಿ ತೆಗೆಯುವುದೂ ಇಲ್ಲ. ಇಂದು ಸತ್ತವಳು ನಾಳೆ ಕುಣಿಯಬೇಕು. ಮೆಶಿನ್‌ಗನ್ ಹೊತ್ತ ಹುಡುಗಿಗೆ ಎರಡು ಕೋಟು ಎಂದು ನಿರ್ದೇಶಕ ಕ್ರೆಶೊ ಹೇಳಿದಾಗ, ಅವಳ ಹೆಸರೇನು ಎಂದು ಕೇಳಿದೆ. ಜುಮ್ರಾ ಎಂದ. ಊರಿನವರ ಬಾಯಿಂದ ಕೇಳಿಕೊಂಡ ಹೆಸರಂತೆ. ನದಿ ದಾಟಿ ದಡ ಮುಟ್ಟುವಷ್ಟರಲ್ಲಿ ನಿನ್ನ ಬೆನ್ನಿಗೆ ಗುಂಡು ಎಂದು ಬರೆದುಕೊಂಡಿದ್ದ.

ಮೊದಲ ಕೋಟು ಸಂತೋಷದಿಂದ ಹೊಲಿದೆ. ಎರಡನೆಯದಕ್ಕೆ ಬಟ್ಟೆ ಕತ್ತರಿಸಲು ಕೂತೆ, ಕತ್ತರಿ ಹಿಡಿಯಲಾಗಲಿಲ್ಲ. ಜರ್ಮನ್ನರ ಸಾವಿನ ಕೋಟುಗಳನ್ನು ಹಾಡು ಗುನುಗುತ್ತ ಹೊಲಿದವಳು ನಾನು. ನಿನ್ನದನ್ನು ಹೇಗೆ ಹೊಲಿಯಲಿ? ಹೊಲಿದುಬಿಟ್ಟರೆ ಜೆನಿತ್ಸಾದಲ್ಲಿ ನಿನಗೆ ಏನಾದರೂ ಆದರೆ? ನಗಬೇಡ. ಬಟ್ಟೆಯನ್ನು ಮಡಚಿ ಕ್ರೆಶೊನ ಮುಂದೆ ಇಟ್ಟೆ.

"ಇದನ್ನ ನಾನು ಹೊಲಿಯಲ್ಲ ಕಾಮ್ರೇಡ್. ಅವಳು ಬದುಕಿದಾಳೆ. ಮೊಮ್ಮಕ್ಕಳಿದಾರೆ."

"ಇದು ಸಿನಿಮಾ ಅಮ್ಮ. ಜನ ಅಳಬೇಕು."

"ಅತ್ತಿದ್ದು ಸಾಕಾಗಿಲ್ವಾ? ದಾಟಿದವಳೊಬ್ಬಳನ್ನ ನೋಡ್ಲಿ ಬಿಡಿ."

ಹಾಗಾದರೆ ನಿಜವಾಗಿ ಏನಾಯಿತು ಎಂದು ಕೇಳಿದ. ಹೇಳಿದೆ. ನೀನು ದಡ ಹತ್ತಿ ಮೆಶಿನ್‌ಗನ್ ಕೆಳಗಿಟ್ಟು, ಕೊಚ್ಚಿಹೋಗುತ್ತಿದ್ದ ನನಗಾಗಿ ಮತ್ತೆ ನೀರಿಗಿಳಿದದ್ದು, ಕೈಗೆ ಸಿಕ್ಕಿದ್ದು ನನ್ನ ಜಡೆ, ಅದನ್ನೇ ಹಿಡಿದು ಎಳೆದದ್ದು, ದಡದಲ್ಲಿ ಹಲ್ಲು ಕಟಕಟ ಎನ್ನುತ್ತಿರುವಾಗಲೂ "ನನ್ನ ಬೂಟು ಹೋಯ್ತಲ್ಲೇ, ಶನಿ" ಎಂದು ನನ್ನನ್ನು ಬೈದದ್ದು. ಅವನಿಗೆ ನಗು ಬಂತು. ಇದರಲ್ಲಿ ದುಃಖ ಎಲ್ಲಿದೆ ಎಂದ. "ಚಳಿ ಇದೆ, ಸಾಲದಾ?" ಎಂದೆ.

ನಿನ್ನ ಪಾತ್ರದ ಹುಡುಗಿ ಯಾಗೊದಾ ಪಕ್ಕದಲ್ಲೇ ಒಲೆಗೆ ಕಾಲು ಕಾಯಿಸಿಕೊಳ್ಳುತ್ತ ಕೂತಿದ್ದಳು. ತನಗೂ ಆ ನೀರಲ್ಲಿ ಹೆಣವಾಗಿ ತೇಲುವ ಮನಸ್ಸಿಲ್ಲ, ಓಡುವುದಾದರೆ ಮೈಯಾದರೂ ಬೆಚ್ಚಗಾಗುತ್ತದೆ ಎಂದು ನನ್ನ ಪಕ್ಷ ವಹಿಸಿದಳು. ಹಿಮ ಕರಗುತ್ತಿತ್ತು. ಬೇರೆ ದರ್ಜಿಯನ್ನು ಕರೆಸಲು ಹಣವೂ ಇಲ್ಲ, ದಿನವೂ ಇಲ್ಲ. ಕ್ರೆಶೊ ರಾತ್ರಿಯೆಲ್ಲ ಏನು ಯೋಚಿಸಿದನೋ, ಮಾರನೆಯ ಬೆಳಿಗ್ಗೆ ಬಂದು ಒಂದೇ ಕೋಟು ಸಾಕು ಎಂದ.

ಆ ದೃಶ್ಯ ತೆಗೆದ ದಿನ ಊರೇ ದಡದಲ್ಲಿತ್ತು. ಯಾಗೊದಾ ದಾಟಿದಳು, ಗನ್ ಇಟ್ಟಳು, ತಿರುಗಿ ನೀರಿಗಿಳಿದಳು. ಸತ್ತ ಜರ್ಮನ್ನನಾಗಿ ಹಿಮದಲ್ಲಿ ಬಿದ್ದಿದ್ದ ಒಸ್ತೊಯನಿಗೆ ತಡೆಯಲಾಗಲಿಲ್ಲ. ತಲೆಯೆತ್ತಿ, "ಎಡಗಡೆ ಬಾರಮ್ಮ, ಅಲ್ಲಿ ಗುಂಡಿ ಇದೆ" ಎಂದುಬಿಟ್ಟ. ಅವಳು ಮತ್ತೆ ದಡ ಹತ್ತಿದ ಮೇಲೆ ಕ್ಯಾಮೆರಾದ ರೀಲು ಮುಗಿಯಿತು, ಇನ್ನೊಂದು ಇರಲಿಲ್ಲ. ಮಾತನ್ನು ಅಳಿಸಬಹುದಂತೆ, ಎತ್ತಿದ ತಲೆಯನ್ನು ಏನು ಮಾಡುವುದು? ಕ್ರೆಶೊ ತಲೆಯ ಮೇಲೆ ಕೈಹೊತ್ತು ಕೂತ. ನಾನು ಮಾತ್ರ ಅಂದು ನಗುತ್ತ, ಅಳುತ್ತ ಮನೆಗೆ ಬಂದೆ. ನನ್ನ ಜಡೆ ಹಿಡಿದೆಳೆದದ್ದಕ್ಕೆ ಇಷ್ಟು ವರ್ಷ ನಿನಗೆ ಒಂದು ಮಾತೂ ಹೇಳಿಲ್ಲ ಜುಮ್ರಾ. ಹೇಳಲು ಹೋದರೆ ನೀನು ಬೂಟಿನ ಮಾತೆತ್ತುತ್ತೀಯ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅಂದಿನಿಂದ ಇಂದಿನವರೆಗಿನ ನನ್ನ ಬದುಕು, ಈ ಮಕ್ಕಳು, ಈ ಯಂತ್ರದ ಸದ್ದು, ಕಿಟಕಿಯ ಪ್ಲಮ್ ಮರ, ಎಲ್ಲ ಚೆನ್ನಾಗಿದೆ. ನೀನು ಕೊಟ್ಟದ್ದು.

ಚಿಂತೆ ಒಂದೇ ಉಳಿದಿದೆ. ರೀಲುಗಳನ್ನು ಕತ್ತರಿಸಿ ಜೋಡಿಸಲು ಜಾಗ್ರೆಬ್‌ಗೆ ಒಯ್ದರು. ಅಲ್ಲಿನ ದೊಡ್ಡವರು ಕತ್ತರಿ ಆಡಿಸಿ, ನೀನು ನೀರಿಗಿಳಿದಲ್ಲಿಗೇ ನಿಲ್ಲಿಸಿಬಿಟ್ಟರೆ? ಮುಂದಿನದನ್ನು ತೋರಿಸದಿದ್ದರೆ ನೋಡಿದವರು ಮುಳುಗಿದಳು ಅಂದುಕೊಳ್ಳುವುದಿಲ್ಲವೇ? ಸಿನಿಮಾ ಗಣರಾಜ್ಯದ ದಿನ ಮೊದಲು ನಿಮ್ಮ ಜೆನಿತ್ಸಾಕ್ಕೆ ಬರುತ್ತದಂತೆ, ನಮ್ಮೂರಿಗೆ ಎಲ್ಲರ ಕೊನೆಗೆ. ಮೊಮ್ಮಕ್ಕಳನ್ನು ಕಟ್ಟಿಕೊಂಡು ಹೋಗು, ಬೆಚ್ಚಗೆ ಹೊದ್ದುಕೊಂಡು ಹೋಗು. ಹುಡುಗಿ ಎರಡನೆಯ ಸಲವೂ ದಡ ಹತ್ತುತ್ತಾಳೋ ನೋಡಿ ಅಂದೇ ಬರೆ.

ನಿನ್ನ ಮಂಡಿನೋವು ಕಡಿಮೆಯಾಗಲಿ, ನಿನ್ನ ಒಲೆ ಆರದಿರಲಿ, ನನಗಿಂತ ಒಂದು ದಿನ ಹೆಚ್ಚಿಗೆ ಬದುಕು.

ನಿನ್ನ ಕೈಗೆ ಜಡೆ ಸಿಕ್ಕವಳು,
ದೊಬ್ರಿಲಾ

ಮರೆತಿದ್ದೆ: ಮಾರನೆಯ ದಿನದ ಆಟಕ್ಕೂ ಹೋಗು. ಮೊದಲ ದಿನ ದಡ ಹತ್ತಿದವಳು ಎರಡನೆಯ ದಿನವೂ ಹತ್ತುತ್ತಾಳೋ, ಇನ್ನೊಮ್ಮೆ ನೋಡಿಬಿಡು.